ಪಾಟಿ ಸಾಲಿನ ವೆಲಿಚ್ಕಾ

ಅಕ್ಷರ ಕಲಿಸಿದವರನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ಸೈಕಲ್ ಕಲಿಸಿದವರನ್ನೂ, ಈಜು ಕಲಿಸಿದವರನ್ನೂ ನೆನಪಿಟ್ಟುಕೊಳ್ಳುತ್ತಾರೆ. ಪುಟ್ಟ ಮಕ್ಕಳು ಒಂದಕ್ಕೆ ಎರಡಕ್ಕೆ ಹೋಗುವ ಪಾಟಿಯ ಮೇಲೆ ಕೂರಲು ಕಲಿಸಿದವರ ನೆನಪು ಮಾತ್ರ ಯಾರಿಗೂ ಇರುವುದಿಲ್ಲ. ನಮ್ಮ ಸ್ಲಿವೆನ್ ಪಟ್ಟಣದಲ್ಲಿ ಈಗ ತಲೆ ನರೆತು ಮೊಮ್ಮಕ್ಕಳ ಕೈ ಹಿಡಿದು ತಿರುಗುವ ಎಷ್ಟೋ ಮಂದಿಗೆ ಆ ವಿದ್ಯೆ ಕಲಿಸಿದವಳು ವೆಲಿಚ್ಕಾ ಎಂಬ ಆಯಾ. ಅವಳ ಮುಖ ಅವರಲ್ಲಿ ಯಾರ ನೆನಪಿನಲ್ಲೂ ಇಲ್ಲ. ಅದು ಅವರ ತಪ್ಪೂ ಅಲ್ಲ.

ಆಗ ನಮ್ಮದು ಉಣ್ಣೆ ಗಿರಣಿಗಳ ಊರು. ಗಿರಣಿಗಳು ಮೂರು ಪಾಳಿಯಲ್ಲಿ ನಡೆಯುತ್ತಿದ್ದವು, ಮಗ್ಗದ ಮುಂದೆ ನಿಲ್ಲುತ್ತಿದ್ದವರು ಬಹುಪಾಲು ಹೆಂಗಸರು. ಅವರ ಮಕ್ಕಳಿಗಾಗಿಯೇ ಬೆಟ್ಟದ ಬುಡದಲ್ಲಿ ಒಂದು ವಾರದ ಶಿಶುವಿಹಾರ ಇತ್ತು. ಸೋಮವಾರ ಬೆಳಿಗ್ಗೆ ಮಗುವನ್ನು ಬಿಟ್ಟರೆ ಶನಿವಾರ ಮಧ್ಯಾಹ್ನ ಕರೆದುಕೊಂಡು ಹೋಗುವುದು. ಊಟ, ನಿದ್ದೆ, ಸ್ನಾನ ಎಲ್ಲ ಅಲ್ಲೇ. ತಿಂಡಿಯಾದ ಮೇಲೆ, ಊಟವಾದ ಮೇಲೆ, ಮಲಗಿ ಎದ್ದ ಮೇಲೆ ಮಕ್ಕಳನ್ನೆಲ್ಲ ಉದ್ದಕ್ಕೆ ಗೋಡೆಯ ಪಕ್ಕ ಬಿಳಿ ತಗಡಿನ ಪಾಟಿಗಳ ಮೇಲೆ ಕೂರಿಸುತ್ತಿದ್ದರು. ಎಲ್ಲರದೂ ಆಗುವವರೆಗೆ ಯಾರೂ ಏಳುವ ಹಾಗಿಲ್ಲ. ಸಾಲಿನ ಎದುರು ಮೋಟು ಸ್ಟೂಲಿನ ಮೇಲೆ ಕೂತು ಕಾಯುವವಳು ವೆಲಿಚ್ಕಾ. ಹಟ ಮಾಡುವವರಿಗೆ ನಲ್ಲಿ ಸಣ್ಣಗೆ ಬಿಟ್ಟು ನೀರಿನ ಸದ್ದು ಕೇಳಿಸುತ್ತಿದ್ದಳು. ನಾಚುವವರಿಗೆ ತಾನು ಮುಖ ತಿರುಗಿಸಿಕೊಂಡು ಕೂರುತ್ತಿದ್ದಳು. ಕೈ ಮಾಡಿದವಳಲ್ಲ.

ಅವಳೂ ಹುಡುಗಿಯಾಗಿದ್ದಾಗ ಕೊಟೆಲ್ ಕಡೆಯ ಹಳ್ಳಿಯಿಂದ ಗಿರಣಿಗೇ ಬಂದವಳು. ಮಗ್ಗದ ಸದ್ದಿಗೆ ಒಂದು ಕಿವಿ ಮಂದವಾದ ಮೇಲೆ ಶಿಶುವಿಹಾರಕ್ಕೆ ಹಾಕಿದರು. ಜೆಲ್ಯಾಜ್ಕೊ ಎಂಬ ಲಾರಿ ಡ್ರೈವರನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ. ಒಂದು ಬೇಸಿಗೆ ಅವನು ಸಮುದ್ರ ದಂಡೆಯ ಬುರ್ಗಾಸಿಗೆ ಮೀನು ತರಲು ಹೋದವನು ಅಲ್ಲೇ ಒಬ್ಬಳ ಜೊತೆ ಸಂಸಾರ ಹೂಡಿದ. ಆಮೇಲೆ ಒಮ್ಮೆ ಬಂದು ರೇಡಿಯೊ ಮತ್ತು ಒಳ್ಳೆಯ ರಜಾಯಿ ತೆಗೆದುಕೊಂಡು ಹೋದ. "ಅಳ್ಬೇಡ ಕಣೇ" ಎಂದು ಬಾಗಿಲಲ್ಲಿ ನಿಂತು ಹೇಳಿದನಂತೆ. ಅವಳು ಅಳುತ್ತಿರಲಿಲ್ಲ. ರಜಾಯಿ ಒಯ್ಯುವವನಿಗೆ ಹಗ್ಗ ಹುಡುಕಿ ಕೊಡುತ್ತಿದ್ದಳು.

ಆಮೇಲಿನ ವರ್ಷಗಳಲ್ಲಿ ಅವಳಿಗೆ ಕಷ್ಟವಾಗುತ್ತಿದ್ದದ್ದು ಭಾನುವಾರ ಒಂದೇ. ವಾರವೆಲ್ಲ ಮೈತುಂಬ ಮಕ್ಕಳು, ಏಪ್ರನ್ ಹಿಡಿದೆಳೆಯುವ ಕೈಗಳು. ಶನಿವಾರ ಮಧ್ಯಾಹ್ನ ಕೊನೆಯ ತಾಯಿ ಬಂದು ಕೊನೆಯ ಮಗುವನ್ನು ಎತ್ತಿಕೊಂಡು ಹೋದ ಮೇಲೆ ಅವಳು ಪಾಟಿಗಳನ್ನೆಲ್ಲ ಬೂದಿ ಹಾಕಿ ಉಜ್ಜಿ, ಬೋರಲು ಹಾಕಿ, ಕೋಟು ತೊಟ್ಟು ಮನೆಗೆ ಹೋಗುತ್ತಿದ್ದಳು. ಮನೆಯೆಂದರೆ ವಠಾರದ ಮೇಲಿನ ಮಹಡಿಯಲ್ಲಿ ಒಂದು ಕೋಣೆ. ಭಾನುವಾರ ಸಂಜೆಯ ಹೊತ್ತಿಗೆ ಅವಳ ಗಂಟಲು ಕಟ್ಟಿದ ಹಾಗಿರುತ್ತಿತ್ತು. ಶೀತವಾಗಿ ಅಲ್ಲ. ಇಡೀ ದಿನ ಒಂದು ಮಾತೂ ಆಡದೆ.

*

ನೊನಾ ಬಂದದ್ದು ಊರೆಲ್ಲ ಮೆಣಸಿನಕಾಯಿ ಸುಡುವ ವಾಸನೆ ತುಂಬಿದ್ದ ಸೆಪ್ಟೆಂಬರಿನಲ್ಲಿ. ಎರಡು ವರ್ಷ ದಾಟಿ ಸ್ವಲ್ಪ ತಿಂಗಳಾಗಿದ್ದ, ತಲೆತುಂಬ ಗುಂಗುರು ಕೂದಲಿನ ಮಗು. ಕರೆತಂದವಳು ತಾಯಿ ದೊನ್ಕಾ. ಅವಳೂ ಇನ್ನೂ ಹುಡುಗಿಯೇ. ಗಂಡ ಲಿಬಿಯಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮಗುವನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ ಆ ಬೇಸಿಗೆಯಲ್ಲೇ ತೀರಿಕೊಂಡಿದ್ದಳು.

"ಇವಳದ್ದೇನೂ ತೊಂದ್ರೆ ಇಲ್ಲ ಅಕ್ಕಾ," ಎಂದಳು ದೊನ್ಕಾ, ಮಗುವಿನ ಗುಂಡಿ ಬಿಚ್ಚುತ್ತ. "ಅಜ್ಜಿ ಎಲ್ಲ ಕಲಿಸಿಟ್ಟಿದ್ಲು. ಬಂದ್ರೆ ಹೇಳ್ತಾಳೆ. ಚಡ್ಡಿ ಒದ್ದೆ ಮಾಡ್ಕೊಳ್ಳೋದೇ ಇಲ್ಲ."

"ಹಾಗಾದ್ರೆ ನನ್ನ ಕೆಲ್ಸ ಕಸ್ಕೊಂಡ್ಲು ಬಿಡು ನಿಮ್ಮಜ್ಜಿ," ಎಂದಳು ವೆಲಿಚ್ಕಾ.

ದೊನ್ಕಾ ನಗಲು ಹೋಗಿ ಮುಖ ಮುಚ್ಚಿಕೊಂಡು ಓಡಿದಳು. ಪಾಳಿಯ ಸೈರನ್ನು ಕೂಗುತ್ತಿತ್ತು. ನೊನಾ ಅಳಲಿಲ್ಲ. ಬಾಗಿಲನ್ನೇ ನೋಡುತ್ತ ನಿಂತಳು. ಅಳುವ ಮಕ್ಕಳನ್ನು ಸಂತೈಸಿ ವೆಲಿಚ್ಕಾಗೆ ರೂಢಿ, ಅಳದ ಮಕ್ಕಳನ್ನು ಕಂಡರೆ ಅವಳಿಗೆ ಭಯ.

ಮೊದಲು ಕೆಲವು ವಾರ ತಾಯಿ ಹೇಳಿದ ಹಾಗೆಯೇ ಇತ್ತು. ಚಳಿ ಶುರುವಾಗಿ ಒಲೆಗೆ ಕಲ್ಲಿದ್ದಲು ಹಾಕುವ ಹೊತ್ತಿಗೆ ಅದೂ ಶುರುವಾಯಿತು. ನೊನಾ ಬಂದು ಏಪ್ರನ್ ಜಗ್ಗಿದಳು. "ಚಿಕ್ಕೀ, ಸುಸ್ಸು." ಕೂರಿಸಿದರೆ ನಾಲ್ಕು ಹನಿ. ಎದ್ದು ಹೋಗಿ ಮರದ ಕುದುರೆ ಹಿಡಿದುಕೊಂಡಳು, ಅದು ಇನ್ನೂ ಓಲಾಡುವಷ್ಟರಲ್ಲಿ ಮತ್ತೆ ಬಂದಳು. "ಚಿಕ್ಕೀ, ಸುಸ್ಸು." ಮತ್ತೆ ನಾಲ್ಕು ಹನಿ. ಕೆಲವು ಸಲ ಅದೂ ಇಲ್ಲ. ಊಟದ ನಡುವೆ, ಆಟದ ನಡುವೆ, ಬೂಟು ಹಾಕಿ ಕೋಟು ತೊಡಿಸಿ ಅಂಗಳಕ್ಕೆ ಹೊರಡಿಸಿದ ಮೇಲೆ ಬಾಗಿಲಲ್ಲೇ ಸುಸ್ಸು. ಕೂರಿಸುವುದು ಒಂದು ಗಳಿಗೆ ತಡವಾದರೆ ಚಡ್ಡಿ ಒದ್ದೆ.

"ಇದರ ಹೊಟ್ಟೇಲಿ ತುಂಜಾ ನದಿ ಹುಟ್ಟಿದೆ," ಎಂದು ಅಡುಗೆಯವಳು ನಕ್ಕಳು.

ಹೆಡ್ ಸಿಸ್ಟರ್ ದಿಮಾನೊವಾ ನಗುವವಳಲ್ಲ. ಕೆಟ್ಟವಳೂ ಅಲ್ಲ. ಅಷ್ಟು ಮಕ್ಕಳಿಗೆ ಬೆರಳೆಣಿಕೆಯ ಆಯಾಗಳನ್ನು ಕೊಟ್ಟು ಎಲ್ಲ ಸರಿಯಾಗಿ ನಡೆಸು ಎಂದರೆ ಯಾರಿಗಾದರೂ ತಲೆ ಕೆಡುತ್ತದೆ. "ಅಭ್ಯಾಸ ಆಗ್ಬಿಟ್ಟಿದೆ ಇದಕ್ಕೆ. ಕರೆದಾಗಲೆಲ್ಲ ಓಡಿ ಹೋದ್ರೆ ಇನ್ನೇನಾಗುತ್ತೆ? ಮಧ್ಯಾಹ್ನದ ಮೇಲೆ ಚಹಾ ಕೊಡ್ಬೇಡ. ಸೂಪು ಅರ್ಧ ಸೌಟು ಸಾಕು. ಸಾಲಿನ ಹೊತ್ತಿಗೆ ಎಲ್ಲರ ಜೊತೆ ಕೂರ್ಲಿ," ಎಂದಳು.

ವೆಲಿಚ್ಕಾ ಹೇಳಿದಂತೆ ಮಾಡಿದಳು. ಹೇಳಿದಂತೆ ಮಾಡಿಯೇ ಅವಳಿಗೆ ಅಭ್ಯಾಸ. ನೊನಾ ಏಪ್ರನ್ ಜಗ್ಗಿದಾಗ "ಇನ್ನೊಂಚೂರು ತಡಿ ಬಂಗಾರ, ಎಲ್ಲರೂ ಹೋಗೋಣ" ಎಂದಳು. ಒಂದೆರಡು ದಿನದಲ್ಲಿ ಮಗು ಜಗ್ಗುವುದನ್ನು ಬಿಟ್ಟಿತು. ಉಪಾಯ ಫಲಿಸಿತು ಎಂದು ದಿಮಾನೊವಾಗೆ ಸಮಾಧಾನವಾಯಿತು.

ಆದರೆ ಒಂದು ಬೆಳಿಗ್ಗೆ ಆಟದ ಕೋಣೆಯಲ್ಲಿ ನೊನಾ ಕಾಣಲಿಲ್ಲ. ಹುಡುಕುತ್ತ ಹೋದ ವೆಲಿಚ್ಕಾ ಕೋಟುಗಳನ್ನು ನೇತುಹಾಕುವ ಓಣಿಯಲ್ಲಿ ಎರಡು ಪುಟ್ಟ ಕಾಲುಗಳನ್ನು ಕಂಡಳು. ಕೋಟು ಸರಿಸಿದರೆ ಮಗು ಕಾಲಿಗೆ ಕಾಲು ಹೆಣೆದುಕೊಂಡು, ಎರಡೂ ಕೈ ಒತ್ತಿ ಹಿಡಿದು, ಹಣೆ ಗೋಡೆಗೆ ಆನಿಸಿ ನಿಂತಿತ್ತು. ತುಟಿ ಒಣಗಿ ಬಿರಿದಿತ್ತು.

"ಮಾಡಿಲ್ಲ ಚಿಕ್ಕಿ," ಎಂದಿತು, ತಿರುಗಿ ನೋಡದೆ. "ಹಿಡ್ಕೊಂಡಿದೀನಿ."

ವೆಲಿಚ್ಕಾ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮಗುವನ್ನು ಅಪ್ಪಿಕೊಂಡಳು. ಅಪ್ಪಿದ ಕೂಡಲೇ ಹಿಡಿದಿದ್ದದ್ದು ಬಿಟ್ಟುಹೋಗಿ ಇಬ್ಬರೂ ಒದ್ದೆಯಾದರು. ನೊನಾ ಆಗ, ಬಂದಾಗಿನಿಂದ ಮೊದಲ ಸಲ, ಗಟ್ಟಿಯಾಗಿ ಅತ್ತಳು.

ಮಗುವಿನ ಬಟ್ಟೆ ಬದಲಿಸಿ, ಒಂದು ಲೋಟ ತುಂಬ ಲಿಂಡನ್ ಹೂವಿನ ಚಹಾ ಕುಡಿಸಿ, ವೆಲಿಚ್ಕಾ ನೇರ ಹೆಡ್ ಸಿಸ್ಟರ್ ಕೋಣೆಗೆ ಹೋದಳು. "ಡಾಕ್ಟ್ರಿಗೆ ತೋರಿಸ್ಬೇಕು ಸಿಸ್ಟರ್," ಎಂದಳು. ಅವಳ ಏಪ್ರನ್ನಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ದಿಮಾನೊವಾ ಅದನ್ನು ನೋಡಿ ಫೋನು ಎತ್ತಿದಳು.

*

ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು, ಸಿಗರೇಟಿನ ಗಂಟಲು. ಹೊಟ್ಟೆ ಒತ್ತಿ ನೋಡಿದರು, ಮೂತ್ರ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ದಿಮಾನೊವಾ ಮತ್ತು ವೆಲಿಚ್ಕಾ ಇಬ್ಬರನ್ನೂ ನಿಲ್ಲಿಸಿಕೊಂಡು ಮಾತಾಡಿದರು.

"ಸೋಂಕಿಲ್ಲ. ಸಕ್ಕರೆ ಇಲ್ಲ. ಮಲ ಕಟ್ಟಿಲ್ಲ. ರಾತ್ರಿ ಹೇಗೆ?"

"ನಿದ್ದೆ ಹತ್ತಿದ ಮೇಲೆ ಏನೂ ಇಲ್ಲ ಡಾಕ್ಟ್ರೇ. ಬೆಳಗಿನವರೆಗೂ ಹಾಸಿಗೆ ಒಣಗೇ ಇರುತ್ತೆ," ಎಂದಳು ವೆಲಿಚ್ಕಾ.

"ಹಾಗಾದ್ರೆ ಮೂತ್ರದ ಚೀಲಕ್ಕೆ ಏನೂ ಆಗಿಲ್ಲ. ಮನೇಲಿ ಏನಾದ್ರೂ ಆಗಿದೆಯಾ ಇವಳಿಗೆ?"

"ಸಾಕಿದ ಅಜ್ಜಿ ತೀರ್ಕೊಂಡ್ಲು. ಅಪ್ಪ ದೂರ. ಇಲ್ಲಿಗೆ ಬಂದ್ಲು."

"ಇನ್ನೇನಾಗ್ಬೇಕು," ಎಂದರು ಡಾಕ್ಟರು. "ಪಾಟಿ ಕಲಿಯೋ ವಯಸ್ಸಲ್ಲಿ ಮನಸ್ಸಿಗೆ ಪೆಟ್ಟು ಬಿದ್ರೆ ಹೀಗೆ ಪದೇ ಪದೇ ಹೋಗ್ಬೇಕು ಅನ್ಸುತ್ತೆ. ನಾಟಕ ಅಲ್ಲ, ನಿಜವಾಗ್ಲೂ ಅನ್ಸುತ್ತೆ. ನೀರು ಕಮ್ಮಿ ಮಾಡೋದು ತಪ್ಪು, ಮಾಡಿದ್ರೆ ಉರಿ ಹತ್ತಿ ಇನ್ನೂ ಹೆಚ್ಚಾಗುತ್ತೆ. ಕುಡಿಯೋಷ್ಟು ಕೊಡಿ. ಕೇಳ್ದಾಗ ಕೂರ್ಸಿ. ಬೈಬೇಡಿ, ಹೊಗಳ್ಲೂ ಬೇಡಿ, ಅದರ ಸುದ್ದೀನೇ ಎತ್ಬೇಡಿ. ಜ್ವರ ಬಂದ್ರೆ, ನೋವು ಅಂದ್ರೆ, ರಾತ್ರಿ ಒದ್ದೆ ಮಾಡಿದ್ರೆ ನನ್ನ ಹತ್ರ ಕರ್ಕೊಂಡ್ ಬನ್ನಿ. ಇಲ್ಲಾಂದ್ರೆ ಒಂದಿನ ತಾನಾಗೇ ನಿಲ್ಲುತ್ತೆ."

"ಯಾವಾಗ?" ಎಂದಳು ದಿಮಾನೊವಾ.

"ನಿಂತಾಗ."

ಡಾಕ್ಟರು ಹೋಗಿ ಬಾಗಿಲು ಹಾಕಿದ ಮೇಲೆ ದಿಮಾನೊವಾ ಕೈಚೆಲ್ಲಿದಳು. "ಅವರಿಗೇನು, ಹೇಳಿ ಹೋದ್ರು. ಕೇಳಿದಾಗೆಲ್ಲ ಕೂರಿಸ್ತಾ ಇದ್ರೆ ಬಾಕಿ ಮಕ್ಕಳನ್ನ ಯಾರು ನೋಡ್ತಾರೆ?"

"ನಾನು ನೋಡ್ಕೋತೀನಿ," ಎಂದಳು ವೆಲಿಚ್ಕಾ.

ಅಂದಿನಿಂದ ಒಂದು ಪಾಟಿ ಸಾಲಿನಿಂದ ಹೊರಗೆ ಬಂದು ಒಲೆಯ ಪಕ್ಕದ ಮೂಲೆಯಲ್ಲಿ ಕೂತಿತು. ನೊನಾ ಏಪ್ರನ್ ಜಗ್ಗಿದರೆ ವೆಲಿಚ್ಕಾ ಕೈಯಲ್ಲಿದ್ದದ್ದನ್ನು ಬಿಟ್ಟು ಅವಳ ಜೊತೆ ಮೂಲೆಗೆ ಹೋಗುತ್ತಿದ್ದಳು. ಮಗು ಕೂರುತ್ತಿತ್ತು, ಅವಳು ಪಕ್ಕದಲ್ಲಿ ಸ್ಟೂಲು ಹಾಕಿಕೊಳ್ಳುತ್ತಿದ್ದಳು. ನೊನಾ ಅವಳ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

"ಬರ್ತಿಲ್ಲ," ಎನ್ನುತ್ತಿದ್ದಳು ಸ್ವಲ್ಪ ಹೊತ್ತಾದ ಮೇಲೆ.

"ಬರದಿದ್ರೆ ಬೇಡ ಬಿಡು. ನಾವೇನ್ ಬಸ್ಸು ಹಿಡೀಬೇಕಾ?"

"ಅಜ್ಜಿ ಹತ್ರ ಕೋಳಿ ಇತ್ತು."

"ಹೌದಾ? ಯಾವ ಬಣ್ಣ?"

"ಕೆಂಪು. ಕುಟುಕ್ತಿತ್ತು. ಅಜ್ಜೀನೂ ಕುಟುಕ್ತಿತ್ತು."

"ಅಯ್ಯೋ ಪೋಲಿ ಕೋಳಿ!"

ಹೀಗೆ ಆ ಕೋಳಿಯ ಕಥೆ, ಅಜ್ಜಿಯ ಕಪ್ಪು ವಲ್ಲಿಯ ಕಥೆ, ಬಾವಿಯಲ್ಲಿ ಬಿದ್ದ ಚಮಚದ ಕಥೆ ಎಲ್ಲ ಹನಿ ಹನಿಯಾಗಿ ಹೊರಬಂದವು. ಅಲ್ಲಿಯವರೆಗೆ ನೊನಾಗೆ ಇಷ್ಟು ಮಾತು ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ವೆಲಿಚ್ಕಾಳೂ ಯಾರಿಗೂ ಹೇಳದ ಮಾತುಗಳನ್ನು ಆ ಮೂಲೆಯಲ್ಲಿ ಹೇಳಿದಳು. ಕೊಟೆಲ್ ಬೆಟ್ಟದಲ್ಲಿ ತಾನು ಕಳೆದುಕೊಂಡ ಕುರಿಯ ವಿಷಯ, ಸಮುದ್ರವನ್ನು ಇನ್ನೂ ನೋಡಿಲ್ಲದ ವಿಷಯ. "ನಿನ್ಗೊತ್ತಾ ನೊನಾ, ಬುರ್ಗಾಸಲ್ಲಿ ದೊಡ್ಡ ನೀರಿದೆಯಂತೆ. ನಾನು ಹೋಗೋದಿಲ್ಲ ಅಲ್ಲಿಗೆ," ಎಂದಳು ಒಮ್ಮೆ. "ಹೋಗ್ಬೇಡ," ಎಂದು ನೊನಾ ಗಂಭೀರವಾಗಿ ಒಪ್ಪಿದಳು.

ಒಂದು ಶನಿವಾರ ಪಾಟಿ ಉಜ್ಜುತ್ತಿರುವಾಗ ವೆಲಿಚ್ಕಾಗೆ ತನ್ನ ಮನಸ್ಸಿನ ಒಂದು ವಿಷಯ ತಿಳಿಯಿತು. ತಿಳಿದು ನಾಚಿಕೆಯಾಯಿತು. ಇದು ಬೇಗ ನಿಲ್ಲಬಾರದು ಎಂದು ಅವಳ ಒಳಗೆಲ್ಲೋ ಆಸೆಯಿತ್ತು.

*

ಡಿಸೆಂಬರಿನ ಮೊದಲ ಹಿಮ ಬಿದ್ದ ಶನಿವಾರ ದೊನ್ಕಾ ಬರಲಿಲ್ಲ. ಉಳಿದ ಮಕ್ಕಳೆಲ್ಲ ಹೋದರು. ನೊನಾ ಟೋಪಿ, ಕೈಗವಸು ಹಾಕಿಕೊಂಡು ಬಾಗಿಲ ಬೆಂಚಿನ ಮೇಲೆ ಕೂತೇ ಇದ್ದಳು. ಗೇಟಿನ ಕಾವಲುಗಾರ ಮಿಂಚೊ ಹಿಮ ಗುಡಿಸುವುದನ್ನು ನಿಲ್ಲಿಸಿ ಎರಡು ಸಲ ಒಳಗೆ ಇಣುಕಿದ. ಅವನು ಹೆಂಡತಿ ಸತ್ತ ಮುದುಕ, ಮಾತು ಕಡಿಮೆ.

"ಬಂದ್ರಾ ಯಾರಾದ್ರೂ?"

"ಇಲ್ಲ ಮಿಂಚೊ ಅಣ್ಣಾ."

ಕಡೆಗೆ ಗಿರಣಿಯಿಂದ ಫೋನು ಬಂತು. ದೊನ್ಕಾ ಮಗ್ಗದ ಮುಂದೆಯೇ ಜ್ವರ ಏರಿ ಬಿದ್ದಳಂತೆ, ನ್ಯುಮೋನಿಯಾ, ಆಸ್ಪತ್ರೆಗೆ ಸೇರಿಸಿದ್ದಾರೆ. ಬೇರೆ ಬಂಧುಗಳಿಲ್ಲ. ದಿಮಾನೊವಾ ಫೋನು ಇಟ್ಟು ನೊನಾಳನ್ನೂ ವೆಲಿಚ್ಕಾಳನ್ನೂ ನೋಡಿದಳು. "ನಿಯಮದಲ್ಲಿ ಇಲ್ಲ," ಎಂದಳು. ಆಮೇಲೆ, "ನಿನ್ನ ಕೋಣೆ ಬೆಚ್ಚಗಿದೆಯಾ?" ಎಂದು ಕೇಳಿದಳು.

ಬೆಚ್ಚಗಿಲ್ಲದಿದ್ದರೆ ವೆಲಿಚ್ಕಾ ಮಂಚ ಮುರಿದು ಒಲೆಗೆ ಹಾಕುತ್ತಿದ್ದಳು.

ಆ ಸಂಜೆ ಮತ್ತು ಆ ಭಾನುವಾರ ಅವಳ ಬದುಕಿನಲ್ಲಿ ಬೇರೆಯೇ ಆಗಿ ಉಳಿದವು. ಮನೆಯಲ್ಲಿ ಪಾಟಿ ಇರಲಿಲ್ಲ, ಶಿಶುವಿಹಾರದ್ದೇ ಒಂದನ್ನು ಪೇಪರಿನಲ್ಲಿ ಸುತ್ತಿ ತಂದಿದ್ದಳು. ಹಾಲಿನಲ್ಲಿ ರೊಟ್ಟಿ ನೆನೆಸಿ, ಬೆಣ್ಣೆ ಸಕ್ಕರೆ ಹಾಕಿ ಕೊಟ್ಟಳು. ನೊನಾ ಬಟ್ಟಲು ನೆಕ್ಕಿದಳು. ಬಿಸಿನೀರು ಕಾಯಿಸಿ ತಲೆ ತೊಳೆದು ಒಲೆಯ ಮುಂದೆ ಕೂದಲು ಆರಿಸಿದಳು. ಭಾನುವಾರವಿಡೀ ಮಗು ಗುಂಡಿಗಳ ಡಬ್ಬಿ ಸುರಿದುಕೊಂಡು ಕಂಬಳಿಯ ಮೇಲೆ ಆಡಿತು. ದೊಡ್ಡ ಗುಂಡಿಗಳೆಲ್ಲ ಅಜ್ಜಿಯರು, ಸಣ್ಣವು ಕೋಳಿಗಳು.

ವೆಲಿಚ್ಕಾ ಪಕ್ಕದಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಕಿಟಕಿಯಾಚೆ ಗಾಳಿ ಹಿಮವನ್ನು ಅಡ್ಡಡ್ಡಕ್ಕೆ ಓಡಿಸುತ್ತಿತ್ತು. ಬಹಳ ಹೊತ್ತಾದ ಮೇಲೆ ಏನೋ ತಪ್ಪಿದೆ ಅನ್ನಿಸಿ ತಲೆಯೆತ್ತಿದಳು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಬೆಳಗಿನ ತಿಂಡಿಯಾದ ಮೇಲೆ ನೊನಾ ಒಮ್ಮೆಯೂ ಸುಸ್ಸು ಎಂದಿರಲಿಲ್ಲ.

"ಬಂಗಾರಾ, ಸುಸ್ಸು ಬಂತಾ?" ಎಂದಳು. ಕೇಳಬಾರದೆಂದು ಡಾಕ್ಟರು ಹೇಳಿದ್ದು ಗೊತ್ತಿದ್ದೂ ಬಾಯಿಗೆ ಬಂದುಬಿಟ್ಟಿತು.

"ಊಹೂಂ," ಎಂದಳು ನೊನಾ, ಗುಂಡಿಗಳಿಂದ ಕಣ್ಣೆತ್ತದೆ.

ಊಟದ ಹೊತ್ತಿಗೆ ತಾನೇ ಎದ್ದು ಹೋಗಿ ಕೂತು, ಬೇಕಾದಷ್ಟು ಮಾಡಿ, ಚಡ್ಡಿ ಅರ್ಧ ಏರಿಸಿಕೊಂಡು ಓಡಿ ಬಂದಳು. ಎಲ್ಲ ಮಕ್ಕಳೂ ಮಾಡುವ ಹಾಗೆ. ಬೆರಳು ಹಿಡಿಯಲು ಕೇಳಲಿಲ್ಲ. ಮಧ್ಯಾಹ್ನ ವೆಲಿಚ್ಕಾಳ ತೋಳಿನ ಮೇಲೆ ತಲೆಯಿಟ್ಟು ನಿದ್ದೆಹೋದಳು. ತೋಳು ಜೋಮು ಹಿಡಿದರೂ ಅವಳು ಕದಲಲಿಲ್ಲ. ಮಗುವಿನ ಕೂದಲಿನಿಂದ ಸೋಪಿನ ವಾಸನೆ ಬರುತ್ತಿತ್ತು. ಒಂದು ಮನೆ, ಅದರಲ್ಲಿ ತನ್ನೊಬ್ಬಳನ್ನೇ ನೋಡುವ ಒಬ್ಬರು, ಅಷ್ಟೇ ಬೇಕಾಗಿತ್ತು ಇದಕ್ಕೆ ಎಂದು ವೆಲಿಚ್ಕಾ ಯೋಚಿಸಿದಳು. ಯೋಚಿಸಿ, ಅದು ತನಗೂ ಅಷ್ಟೇ ಬೇಕಾಗಿತ್ತಲ್ಲ ಎನ್ನಿಸಿ, ಕಣ್ಣು ಮುಚ್ಚಿಕೊಂಡಳು.

ಸೋಮವಾರ ಬೆಳಿಗ್ಗೆ ಶಿಶುವಿಹಾರದ ಗೇಟು ಕಂಡದ್ದೇ ನೊನಾ ಹಿಮದಲ್ಲಿ ನಿಂತುಬಿಟ್ಟಳು.

"ಚಿಕ್ಕೀ, ಸುಸ್ಸು."

*

ದೊನ್ಕಾ ಆಸ್ಪತ್ರೆಯಿಂದ ಬಂದಾಗ ಇಳಿದುಹೋಗಿದ್ದಳು, ಕೋಟು ಮೈಮೇಲೆ ನೇತಾಡುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಭಾನುವಾರವೂ ನೊನಾ ವೆಲಿಚ್ಕಾಳ ಕೋಣೆಯಲ್ಲಿ ಕಳೆದಿದ್ದಳು. ದೊನ್ಕಾ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

"ಅಕ್ಕಾ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ರಾತ್ರಿ ಪಾಳಿ ಮುಗಿಸಿ ಬಂದ್ರೆ ಭಾನುವಾರ ನಾನು ಹೆಣದ ಹಾಗೆ ಬಿದ್ದಿರ್ತೀನಿ. ಅವಳು ಪಕ್ಕದಲ್ಲಿ ಕೂತು ನನ್ನ ರೆಪ್ಪೆ ಬಿಡಿಸಿ ನೋಡ್ತಾಳೆ. ನಿಮ್ಮ ಹತ್ರ ಎಷ್ಟು ಚೆನ್ನಾಗಿರ್ತಾಳೆ. ಭಾನುವಾರಾನೂ ನಿಮ್ಮ ಹತ್ರಾನೇ ಇರ್ಲಾ, ಅವಳಪ್ಪ ಬರೋವರೆಗೆ?"

ಅವಳಪ್ಪ ಬರಲು ಇನ್ನೂ ಎರಡು ಬೇಸಿಗೆ ಕಳೆಯಬೇಕಿತ್ತು. ಎರಡು ಬೇಸಿಗೆಯ ಭಾನುವಾರಗಳೆಲ್ಲ ಒಟ್ಟಿಗೆ ವೆಲಿಚ್ಕಾಳ ಕಣ್ಣ ಮುಂದೆ ಬಂದು ನಿಂತವು. ಹೂಂ ಎನ್ನಲು ಬಾಯಿ ತೆರೆದಳು. ಆಗ ಹಿಂದಿನ ಭಾನುವಾರ ಸಂಜೆ ನೊನಾ ಗುಂಡಿಗಳನ್ನು ಡಬ್ಬಿಗೆ ತುಂಬುತ್ತ ಕೇಳಿದ್ದು ನೆನಪಾಯಿತು: "ಅಮ್ಮಾನೂ ಅಜ್ಜಿ ತರ ಮಣ್ಣಲ್ಲಿದಾಳಾ?"

"ಬೇಡ ಕಣೇ," ಎಂದಳು ವೆಲಿಚ್ಕಾ. ದನಿ ಒರಟಾಗಿ ಬಂತು. "ನಾನೂ ಮುದುಕಿ, ನನಗೂ ಒಂದಿನ ರಜಾ ಬೇಡ್ವಾ? ಅವಳಿಗೆ ನೀನು ಬೇಕು. ದಿನಾ ಸಂಜೆ ಬೇಕು. ಮಲಗಿದ್ರೂ ಸರಿ, ರೆಪ್ಪೆ ಬಿಡಿಸಿ ನೋಡೋಕೆ ನೀನು ಬೇಕು."

"ನನಗೆ ಆಸೆ ಇಲ್ವಾ?" ದೊನ್ಕಾ ಸಿಡುಕಿದಳು. ಕಣ್ಣಲ್ಲಿ ನೀರು ತುಂಬಿತ್ತು. "ಹೇಳೋದು ಸುಲಭ. ಮೂರು ಪಾಳೀಲಿ ನಾನೆಲ್ಲಿಂದ ತರ್ಲಿ ಸಂಜೆ? ಹೆತ್ತಿದ್ರೆ ಗೊತ್ತಾಗ್ತಿತ್ತು ನಿಮಗೆ!"

ಅಂದ ಮೇಲೆ ದೊನ್ಕಾ ತಾನೇ ಬೆಚ್ಚಿದಳು. ವೆಲಿಚ್ಕಾ ನೊನಾಳ ಟೋಪಿಯ ದಾರ ಕಟ್ಟಿ, "ಗಾಳಿ ಇದೆ, ಕಿವಿ ಮುಚ್ಚು ಅವಳಿಗೆ," ಎಂದಳು.

ಮರುದಿನ ಮಕ್ಕಳು ಮಲಗಿದ ಹೊತ್ತಿನಲ್ಲಿ ಅಡುಗೆಯವಳಿಗೆ ಹೇಳಿ ಅವಳು ಗಿರಣಿಗೆ ನಡೆದಳು. ಎಷ್ಟೋ ವರ್ಷಗಳಿಂದ ಆ ಗೇಟಿನೊಳಗೆ ಕಾಲಿಟ್ಟಿರಲಿಲ್ಲ. ಎಣ್ಣೆ, ಒದ್ದೆ ಉಣ್ಣೆಯ ಅದೇ ವಾಸನೆ. ದೊನ್ಕಾಳ ವಿಭಾಗದ ಮೇಸ್ತ್ರಿ ರುಸಿ ಎಂಬ ಇಪ್ಪತ್ತೈದರ ಆಸುಪಾಸಿನ ಗಂಡು. ಹೊಸ ಮೀಸೆ, ಜೇಬಿನಲ್ಲಿ ಎರಡು ಪೆನ್ನು. ಮಗ್ಗಗಳ ನಡುವೆ ನಿಂತಿದ್ದ.

"ಏನು ಚಿಕ್ಕಮ್ಮಾ, ಯಾರು ಬೇಕಿತ್ತು?"

ಅವಳು ವಿಷಯ ಹೇಳಿದಳು. ಅವನು ಅಡ್ಡಕ್ಕೆ ತಲೆಯಾಡಿಸಿದ. "ಪಾಳಿ ಬದಲಾಯ್ಸೋದಾ? ಎಲ್ಲರೂ ಅದನ್ನೇ ಕೇಳ್ತಾರೆ. ಇಲ್ಲಿರೋರೆಲ್ಲ ಮಕ್ಕಳೊಂದಿಗರೇ. ಒಬ್ಬಳಿಗೆ ಮಾಡಿದ್ರೆ ನಾಳೆ ನನ್ನ ಬಾಗ್ಲಲ್ಲಿ ಸಾಲು ನಿಲ್ಲುತ್ತೆ."

"ರುಸಿ," ಎಂದಳು ವೆಲಿಚ್ಕಾ, ಮಗ್ಗದ ಸದ್ದು ಮೀರಿ ಕೇಳುವ ಹಾಗೆ, "ನೀನು ಮೂರು ತುಂಬಿದ್ರೂ ಪಾಟಿ ಮೇಲೆ ಕೂತವನಲ್ಲ. ಕಿಟಕಿ ಪರದೆ ಹಿಂದೆ ನಿಂತು ಮಾಡ್ತಿದ್ದೆ. ಆ ಪರದೆ ದಿನಾ ಒಗೆದವಳು ನಾನು."

ಹತ್ತಿರದ ಮಗ್ಗದ ಹೆಂಗಸರು ಬಾಯಿಗೆ ಬಟ್ಟೆ ಒತ್ತಿಕೊಂಡರು. ರುಸಿಯ ಕಿವಿ ಕೆಂಪಾಯಿತು.

"ಮೆಲ್ಲಗೆ ಚಿಕ್ಕಮ್ಮಾ!"

"ಮೆಲ್ಲಗೆ ಹೇಳಿದ್ರೆ ನಿನಗೆ ಕೇಳ್ಬೇಕಲ್ಲಪ್ಪಾ. ನಿಮ್ಮಮ್ಮ ಬರೋದು ತಡವಾದ್ರೆ ನೀನೂ ಹಾಗೇ ಮಾಡ್ತಿದ್ದೆ. ನಾನು ಒಂದಿನ ಬೈದವಳಲ್ಲ. ಬೈದಿದ್ನಾ?"

ಅವನಿಗೆ ನೆನಪಿರಲಿಲ್ಲ. ಆದರೂ ಅವಳ ಮೊಣಕೈ ಹಿಡಿದು ಹೊರಗಿನ ಮೆಟ್ಟಿಲಿಗೆ ಕರೆದುಕೊಂಡು ಹೋದ. ನೇಯ್ದ ಬಟ್ಟೆಯಿಂದ ನೂಲಿನ ಗಂಟು ತೆಗೆಯುವ ಕೋಣೆಯಲ್ಲಿ ಒಬ್ಬ ಅಜ್ಜಿ ಹೊಸವರ್ಷಕ್ಕೆ ನಿವೃತ್ತಿಯಾಗುತ್ತಿದ್ದಾಳೆ, ಅಲ್ಲಿ ಹಗಲು ಕೆಲಸ ಮಾತ್ರ, ಜ್ವರದಿಂದೆದ್ದವಳಿಗೆ ಹಗುರ ಕೆಲಸ ಕೊಟ್ಟೆ ಅಂದರೆ ಯಾರೂ ಕೇಳುವುದಿಲ್ಲ ಎಂದ. "ಆದ್ರೆ ಆ ಪರದೆ ಸುದ್ದಿ..."

"ಯಾವ ಪರದೆ?" ಎಂದಳು ವೆಲಿಚ್ಕಾ.

*

ಹಗಲು ಕೆಲಸದವರ ಮಕ್ಕಳಿಗೆ ಬೇರೆ ಶಿಶುವಿಹಾರ, ಊರಿನ ಆಚೆ ತುದಿಯಲ್ಲಿ, ಗಿರಣಿಯ ಮನೆಗಳ ಹತ್ತಿರ. ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗುವುದು. ಇದು ವೆಲಿಚ್ಕಾಗೆ ಮೆಟ್ಟಿಲ ಮೇಲೆ ನಿಂತಾಗಲೇ ಗೊತ್ತಿತ್ತು.

ಹೊಸವರ್ಷ ಕಳೆದು ದೊನ್ಕಾ ನೊನಾಳ ಬಟ್ಟೆ ಒಯ್ಯಲು ಬಂದಳು. ಅಂದು ಆಡಿದ ಮಾತಿಗೆ ಕ್ಷಮೆ ಕೇಳಲು ಹೋಗಿ ತೊದಲಿದಳು. "ಬಿಡೇ, ನಿಜವನ್ನೇ ಅಂದೆ," ಎಂದು ವೆಲಿಚ್ಕಾ ಗಂಟು ಕಟ್ಟಿ ಕೈಗಿತ್ತಳು. ನೊನಾ ಅಮ್ಮನ ಹೆಗಲ ಮೇಲೆ ಕೂತು ಅವಳ ಕಿವಿಯೋಲೆ ಜಗ್ಗುವುದರಲ್ಲಿ ಮುಳುಗಿದ್ದಳು. ಗೇಟು ದಾಟುವವರೆಗೂ ತಿರುಗಿ ನೋಡಲಿಲ್ಲ. ವೆಲಿಚ್ಕಾ ಎತ್ತಿದ ಕೈ ಇಳಿಸಿ, ಒಳಗೆ ಬಂದು, ಒಲೆಯ ಪಕ್ಕದ ಪಾಟಿಯನ್ನು ತೆಗೆದು ಮತ್ತೆ ಸಾಲಿಗೆ ಸೇರಿಸಿದಳು.

ಆ ಚಳಿಗಾಲ ಉದ್ದವಾಗಿತ್ತು. ಕೆಲಸದ ನಡುವೆ ಏಪ್ರನ್ ಯಾರೋ ಜಗ್ಗಿದಂತಾಗಿ ಅವಳು ಎಷ್ಟೋ ಸಲ ಕೆಳಗೆ ನೋಡುತ್ತಿದ್ದಳು. ಕೆಲವು ಸಲ ಅಲ್ಲಿ ಬೇರೆ ಮಗು ಇರುತ್ತಿತ್ತು, ಕೆಲವು ಸಲ ಯಾರೂ ಇರುತ್ತಿರಲಿಲ್ಲ.

ಏಪ್ರಿಲಿನಲ್ಲಿ ಸಂತೆಯಲ್ಲಿ ಸಿಕ್ಕರು. ದೊನ್ಕಾ ಮೈಕೈ ತುಂಬಿಕೊಂಡಿದ್ದಳು. ನೊನಾ ಎತ್ತರವಾಗಿದ್ದಳು. ಒಂದು ಕೈಯಲ್ಲಿ ಬೆಲ್ಲದ ಬಣ್ಣದ, ಕೋಳಿಯಾಕಾರದ ಕಡ್ಡಿ ಮಿಠಾಯಿ.

"ನೋಡು ಯಾರು ಅಂತ! ಚಿಕ್ಕಿ! ಹೇಳು, ನಮಸ್ಕಾರ ಅನ್ನು."

ನೊನಾ ಅಮ್ಮನ ಕೋಟಿನ ಹಿಂದೆ ಸರಿದು ಒಂದೇ ಕಣ್ಣಿನಲ್ಲಿ ನೋಡಿದಳು. ಗುರುತು ಸಿಗಲಿಲ್ಲ. ಅಪರಿಚಿತ ಮುದುಕಿಯರನ್ನು ಮಕ್ಕಳು ನೋಡುವ ಹಾಗೆ ನೋಡಿ, ಮಿಠಾಯಿ ಬಾಯಿಗಿಟ್ಟುಕೊಂಡಳು.

"ನಾಚಿಕೆ ಇವಳಿಗೆ," ಎಂದಳು ದೊನ್ಕಾ ಮುಜುಗರದಿಂದ.

"ಇರ್ಲಿ ಬಿಡು. ಆ ಸುಸ್ಸು ತೊಂದ್ರೆ?"

"ಯಾವ್ದು? ಅಯ್ಯೋ, ಅದಾ! ನನಗೆ ಮರ್ತೇ ಹೋಗಿತ್ತಕ್ಕಾ. ಯಾವಾಗ ನಿಂತಿತೋ ಗೊತ್ತೇ ಆಗ್ಲಿಲ್ಲ. ಒಂದಿನ ನೋಡಿದ್ರೆ ಇಲ್ಲ." ದೊನ್ಕಾ ಅವಳ ತೋಳು ಹಿಡಿದುಕೊಂಡಳು. "ಮುಂದಿನ ಭಾನುವಾರ ಮನೆಗೆ ಬನ್ನಿ. ಖಂಡಿತ ಬರ್ಬೇಕು. ಊಟಕ್ಕೆ ಕಾಯ್ತೀನಿ."

ಬರುತ್ತೇನೆ ಎಂದಳು ವೆಲಿಚ್ಕಾ. ಆ ಭಾನುವಾರ ಬೇಗ ಎದ್ದು ಹಿಟ್ಟು ತೆಳ್ಳಗೆ ಲಟ್ಟಿಸಿ, ಚೀಸು ಮೊಟ್ಟೆ ತುಂಬಿ, ಸುರುಳಿ ಸುತ್ತಿ ಬನಿತ್ಸಾ ಬೇಯಿಸಿದಳು. ಒಳ್ಳೆಯ ಸ್ಕಾರ್ಫು ಕಟ್ಟಿಕೊಂಡು, ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನ ಹತ್ತಿರ ಹೋಗಿ ನಿಂತಳು. ಬಸ್ಸು ಬಂತು. ಬಾಗಿಲು ತೆರೆಯಿತು. ಅಲ್ಲಿ ಹೋದರೆ ಏನಾಗುತ್ತದೆಂದು ಅವಳಿಗೆ ಕಂಡಿತು. ದೊನ್ಕಾ ಮಗುವಿಗೆ ಹೇಳಿಕೊಡುತ್ತಾಳೆ, ಮಗು ಹೇಳಿಕೊಟ್ಟ ಹಾಗೆ ಚಿಕ್ಕಿ ಎನ್ನುತ್ತದೆ, ಹೇಳಿಕೊಟ್ಟ ಹಾಗೆ ಕೆನ್ನೆಗೆ ಮುತ್ತು ಕೊಡುತ್ತದೆ.

"ಹತ್ತೀರೋ ಇಲ್ವೋ ಅಜ್ಜಿ?" ಎಂದ ಡ್ರೈವರು.

"ನೀನು ಹೋಗಪ್ಪಾ."

ತಟ್ಟೆ ಇನ್ನೂ ಬಿಸಿಯಿತ್ತು. ಮನೆಗೆ ಹಿಂತಿರುಗಲು ಮನಸ್ಸಾಗದೆ ಬೆಟ್ಟದ ಕಡೆ ಹತ್ತಿದಳು. ಶಿಶುವಿಹಾರದ ಗೇಟಿನಲ್ಲಿ ಮಿಂಚೊ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಭಾನುವಾರ ಅವನೂ ಖಾಲಿ ಕಟ್ಟಡವನ್ನೇ ಕಾಯುತ್ತಿದ್ದ. ಅವಳನ್ನು ಕಂಡು ಅವನು ಒಳಗಿನಿಂದ ಮಕ್ಕಳ ಒಂದು ಮೋಟು ಕುರ್ಚಿ ತಂದು ಪಕ್ಕದಲ್ಲಿ ಇಟ್ಟ. ಅವಳು ಕೂತು ತಟ್ಟೆ ಬಿಚ್ಚಿದಳು. ಇಬ್ಬರೂ ಕೈಯಲ್ಲಿ ಮುರಿದುಕೊಂಡು ತಿಂದರು.

"ಉಪ್ಪು ಒಂಚೂರು ಮುಂದಾಗಿದೆ," ಎಂದ ಮಿಂಚೊ, ಮೂರನೆಯ ತುಂಡಿಗೆ ಕೈಹಾಕುತ್ತ.

"ಚೀಸೇ ಉಪ್ಪಿತ್ತು," ಎಂದಳು ವೆಲಿಚ್ಕಾ.

ಬಸ್ಸಿನವನಿಗೆ ಅಂದದ್ದು ಬಿಟ್ಟರೆ ಆ ದಿನ ಅವಳು ಆಡಿದ ಮಾತು ಅಷ್ಟೇ. ಕತ್ತಲಾಗುವ ಮೊದಲು ತಟ್ಟೆ ತೊಳೆದು, ಬಟ್ಟೆಯಲ್ಲಿ ಸುತ್ತಿಕೊಂಡು ಇಳಿದು ಹೋದಳು.